ಮುಟ್ಟದೆ ನೋಡಿದವರು

ಕೋಳಿ ಮಾರುವವಳು ಯಾರನ್ನೂ ನಂಬಬಾರದು. ಸಾಕಿದವನು ತೂಕ ಹೆಚ್ಚಲಿ ಎಂದು ಬೆಳಗಿನ ಜಾವ ಕೋಳಿಗೆ ನೀರು ಕುಡಿಸಿ ತರುತ್ತಾನೆ. ಕೊಳ್ಳುವವಳು ಎದೆ ಹಿಚುಕಿ ನೋಡಿ, ಎಳೆಯದನ್ನೇ ಮುದಿ ಎನ್ನುತ್ತಾಳೆ. ಪಕ್ಕದ ಅಂಗಡಿಯವಳು ನಾನು ಬೆನ್ನು ತಿರುಗಿಸುವುದನ್ನೇ ಕಾಯುತ್ತಾಳೆ. ಒರಿಸಾಬಾ ಊರಿನ ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ಹೀಗೆ ಬದುಕಿದ್ದೇನೆ; ಅನುಮಾನವೂ ನನ್ನ ಕಸುಬಿನ ಸಾಮಾನು, ಕತ್ತಿ ಇದ್ದ ಹಾಗೆ. ಆ ಕತ್ತಿಯಿಂದ ಒಂದು ಸಲ ಕೊಯ್ಯಬಾರದ್ದನ್ನು ಕೊಯ್ದೆ. ಅದನ್ನು ಹೇಳಬೇಕಾದರೆ ಒಬ್ದುಲಿಯಾಳ ವಿಷಯ ಹೇಳಬೇಕು; ಹಿರಿಯಳೆಂಬ ಮರ್ಯಾದೆಗೆ ನಾವೆಲ್ಲ ದೋನ್ಯಾ ಎನ್ನುತ್ತಿದ್ದೆವು.

ಮಾರುಕಟ್ಟೆಯ ಹಿಂಭಾಗದಲ್ಲಿ, ಹಿಂದೆ ಮಂಜುಗಡ್ಡೆ ಇಡುತ್ತಿದ್ದ ದಪ್ಪಗೋಡೆಯ ಕೋಣೆಯಲ್ಲಿ ಆಕೆ ನಮ್ಮೆಲ್ಲರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ರಾತ್ರಿ ಮಲಗುವುದೂ ಅಲ್ಲೇ. ಬೇರೆ ಸೂರು ಇರಲಿಲ್ಲ. ಸೊಂಗೊಲಿಕಾ ಬೆಟ್ಟದಿಂದ ಹದಿಮೂರನೇ ವಯಸ್ಸಿನಲ್ಲಿ ಬರಿಗಾಲಲ್ಲಿ ಇಳಿದು ಬಂದಾಗ ಆಕೆಗೆ ಬರುತ್ತಿದ್ದ ಸ್ಪ್ಯಾನಿಷ್ ಅಂದರೆ ‘ಆಗಲಿ ಅಮ್ಮಾವ್ರೇ’ ಮಾತ್ರ, ಮಿಕ್ಕಿದ್ದೆಲ್ಲ ಬೆಟ್ಟದ ಭಾಷೆ. ಇಪ್ಪತ್ತು ವರ್ಷ ದೊಡ್ಡಮನೆಗಳಲ್ಲಿ ಪಾತ್ರೆ ತಿಕ್ಕಿದಳು, ಆಮೇಲೆ ಮಾರುಕಟ್ಟೆ ಗುಡಿಸಿದಳು. ಸೊಪ್ಪಿನ ಅಂಗಡಿಯವಳಿಗೆ ಬುಟ್ಟಿಗಳ ನಡುವೆಯೇ ಹೆರಿಗೆ ನೋವು ಬಂದ ದಿನ, ಅವಳ ದೊಡ್ಡ ಮಗುವನ್ನು ಯಾರೋ ಗುಡಿಸುವವಳ ಕೈಗೆ ಕೊಟ್ಟರು. ಮರುದಿನ ಇನ್ನೊಬ್ಬಳು ಕೊಟ್ಟಳು. ಅಲ್ಲಿಂದ ಪೊರಕೆ ಮೂಲೆ ಸೇರಿತು.

ಯಾವ ಮಗು ಯಾರದು ಎಂದು ಗುರುತಿಗೆ ಕಾಲಿಗೊಂದು ರಿಬ್ಬನ್ ಕಟ್ಟುತ್ತಿದ್ದಳು. ನನ್ನ ಮಗಳು ನಿಯೆವೆಸಳದು ಹಳದಿ. ಗಂಡಸರ ಬೂಟು ಹಾಕುತ್ತಿದ್ದಳು, ಕಾಫಿಗೆ ಚಕ್ಕೆ ಹಾಕಿಯೇ ಕುಡಿಯುತ್ತಿದ್ದಳು, ಮಾತು ಮಾತ್ರ ಬಹಳ ನಿಧಾನ. ಒಂದೊಂದು ಪದವನ್ನೂ ತಕ್ಕಡಿಗೆ ಹಾಕಿ ತೂಗಿ ಕೊಡುವವಳ ಹಾಗೆ. ‘ದೋನ್ಯಾ, ಇವತ್ತು ಪೂಜೆ ಎಷ್ಟೊತ್ತಿಗೆ?’ ಎಂದು ಮೀನಿನವರು ಕಾಡಿಸುತ್ತಿದ್ದರು, ಪಾದ್ರಿಯ ಉಪದೇಶದ ಹಾಗಿದೆ ಎಂದು. ಆಕೆ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ಆ ನಿಧಾನವನ್ನು ನಾನು ಜಂಬ ಎಂದುಕೊಂಡಿದ್ದೆ.

ಆ ವರ್ಷ ಫೆಬ್ರವರಿಯಲ್ಲಿ ರಾಜಧಾನಿಯಿಂದ ಗ್ರಿಸೆಲ್ದಾ ಎಂಬ ಹುಡುಗಿ ಬಂದಳು. ಕನ್ನಡಕ, ನೋಟುಪುಸ್ತಕ, ಒಂದು ಟೇಪ್ ರೆಕಾರ್ಡರ್. ಓದಿದವಳಾದ್ದರಿಂದ ಎಲ್ಲರೂ ಟೀಚರಮ್ಮ ಎಂದರು. ದಿನಾ ಒಬ್ದುಲಿಯಾಳ ಕೋಣೆಯ ಮೂಲೆಯಲ್ಲಿ ಸ್ಟೂಲು ಹಾಕಿ ಕೂರುವುದು, ಮಕ್ಕಳು ಆಡುವ ಮಾತನ್ನೆಲ್ಲ ಟೇಪಿಗೆ ಹಿಡಿಯುವುದು, ಇದೇ ಅವಳ ಕೆಲಸವಂತೆ.

“ಮಕ್ಕಳು ಮಾತು ಕಲಿಯೋದನ್ನ ಕಲಿಯೋಕೆ ಬಂದಿದಾಳಂತೆ,” ಎಂದಳು ಕೂಕಾ. ನನ್ನ ಎದುರಿಗೆ ಗಿಡಮೂಲಿಕೆ ಮಾರುವವಳು ಅವಳು. ನಿಯೆವೆಸಳ ಜ್ಞಾನಸ್ನಾನಕ್ಕೆ ನಿಂತವಳಾದ್ದರಿಂದ ನಾವು ಒಬ್ಬರಿಗೊಬ್ಬರು ಕೊಮಾದ್ರೆ. ಒಡಹುಟ್ಟಿದವರಿಗಿಂತ ಒಂದು ಕೈ ಹೆಚ್ಚು, ಜಗಳದಲ್ಲೂ.

“ಅದನ್ನ ಕಲಿಯೋಕೆ ಸಂಬಳ ಬೇರೆ ಕೊಡ್ತಾರಾ?”

“ಅದೇ ನಾನೂ ಕೇಳೋದು ಕೊಮಾದ್ರೆ. ಸರ್ಕಾರದೋಳಿರ್ಬೇಕು. ಯಾರಿಗೆ ಲೈಸೆನ್ಸ್ ಇಲ್ಲ, ಯಾರ ಗಂಡ ಯಾರ ಮನೇಲಿ ಮಲಗ್ತಾನೆ, ಎಲ್ಲ ಮಕ್ಕಳ ಬಾಯಲ್ಲಿ ಹೊರಗೆ ಬರತ್ತೆ.”

ನನಗೆ ಅದಕ್ಕಿಂತ ಬೇರೆಯದೇ ಕಿರಿಕಿರಿ. ಅವಳು ಮಕ್ಕಳನ್ನು ನೋಡುತ್ತಿದ್ದಳು, ಬರೀ ನೋಡುತ್ತಿದ್ದಳು. ಎತ್ತಿಕೊಳ್ಳುತ್ತಿರಲಿಲ್ಲ, ಗಲ್ಲ ಹಿಂಡುತ್ತಿರಲಿಲ್ಲ. ತಾನು ನಡುವೆ ಬಂದರೆ ಮಕ್ಕಳ ಮಾತು ಬದಲಾಗುತ್ತದಂತೆ. ನಮ್ಮಲ್ಲಿ ಚೆಂದದ ಮಗುವನ್ನು ನೋಡಿ ಮನಸ್ಸಿನಲ್ಲೇ ಮೆಚ್ಚಿ ಮುಟ್ಟದೆ ಹೋದರೆ, ಆ ಮೆಚ್ಚುಗೆಯೇ ಮಗುವಿಗೆ ದೃಷ್ಟಿಯಾಗಿ ತಗಲುತ್ತದೆ. ಬಸ್ಸಿನಲ್ಲಿ ಗುರುತಿಲ್ಲದವರು ಕೂಡ ‘ಮುಟ್ಟಲಾ ಅಮ್ಮಾ, ದೃಷ್ಟಿ ಆಗದಿರಲಿ’ ಎಂದು ಕೈ ಚಾಚುತ್ತಾರೆ. ಇವಳಿಗೆ ಅಷ್ಟೂ ಗೊತ್ತಿಲ್ಲದೆ ಇರುತ್ತದೆಯೇ?

ಒಬ್ದುಲಿಯಾ ಇದನ್ನು ನಮಗಿಂತ ಮೊದಲೇ ಯೋಚಿಸಿದ್ದಳು. ಮೊದಲ ದಿನವೇ ಟೀಚರಮ್ಮನ ಮಣಿಕಟ್ಟು ಹಿಡಿದು ಎಬ್ಬಿಸಿದಳಂತೆ.

“ಮೊದಲು ಮುಟ್ಟಿ,” ಎಂದಳಂತೆ.

“ಯಾಕೆ ದೋನ್ಯಾ?”

“ನೋಡಿದಿರಲ್ಲ, ಅದಕ್ಕೆ.”

ಅಲ್ಲಿದ್ದ ಹತ್ತು ಮಕ್ಕಳ ತಲೆಯ ಮೇಲೂ ಅವಳ ಕೈ ಇಡಿಸಿದ ಮೇಲೆಯೇ ಯಂತ್ರದ ಗುಂಡಿ ಒತ್ತಲು ಬಿಟ್ಟಳು. ಹನ್ನೊಂದನೆಯದು ನನ್ನ ನಿಯೆವೆಸ್. ಅವತ್ತು ಹೊಟ್ಟೆ ಕೆಟ್ಟು ನನ್ನ ಅಮ್ಮನ ಮನೆಯಲ್ಲಿದ್ದಳು.

ನಿಯೆವೆಸ್ ಮಾತಿನಲ್ಲಿ ಚುರುಕು. ಎರಡು ತುಂಬುವ ಮೊದಲೇ ‘ಬಿದ್ದೆ’, ‘ಬಂದೆ’, ‘ತಂದೆ’ ಎಂದು ಮುತ್ತು ಪೋಣಿಸಿದ ಹಾಗೆ ಆಡುತ್ತಿದ್ದಳು. ಗಿರಾಕಿಗಳ ಮುಂದೆ ಅವಳನ್ನು ಮಾತಾಡಿಸಿ ಮೆರೆದಿದ್ದೇನೆ, ಸುಳ್ಳೇಕೆ ಹೇಳಲಿ. ಮೇ ತಿಂಗಳು ಬಂದಾಗ ಆ ನಾಲಿಗೆ ಕೆಟ್ಟಿತು.

“ಅಮ್ಮಾ, ನಾ ಬೀಳಿದೆ,” ಎಂದಳು ಒಂದು ದಿನ.

“ಬಿದ್ದೆ ಅನ್ನು.”

“ಹೂಂ, ಬೀಳಿದೆ. ಬೊಂಬೆ ತರಿದೆ.”

ಆಮೇಲೆ ದಿನಕ್ಕೊಂದು. ‘ನನಗೆ ಗೊತ್ತು’ ಅನ್ನಲು ಸ್ಪ್ಯಾನಿಷ್‌ನಲ್ಲಿ ‘ಸೆ’ ಅಂದರೆ ಮುಗಿಯಿತು, ಅವಳೂ ಹಾಗೇ ಅನ್ನುತ್ತಿದ್ದಳು. ಈಗ ‘ಸಾಬೊ’ ಎನ್ನತೊಡಗಿದಳು. ಬಾರದ ಮಗು ತೊದಲಿದರೆ ನಗಬಹುದು. ಬರುತ್ತಿದ್ದದ್ದು ಹೋದರೆ? ನನ್ನ ತಮ್ಮನೊಬ್ಬ ಹೀಗೇ ಮೂರು ವರ್ಷದವನಾಗಿದ್ದಾಗ ಜ್ವರ ಬಂದು, ಇದ್ದ ಮಾತೆಲ್ಲ ಕಳೆದುಕೊಂಡು, ಇವತ್ತಿಗೂ ಸನ್ನೆಯಲ್ಲೇ ಬದುಕುತ್ತಿದ್ದಾನೆ. ನನಗೆ ಭಯವಾಯಿತು, ಬರೀ ಭಯ.

“ಆ ಯಂತ್ರ ಇವಳ ಮಾತು ಎಳ್ಕೊಂತು ಕಣೇ,” ಎಂದಳು ಕೂಕಾ. “ಅವಳು ಮುಟ್ಟಿದ್ಲಾ ನಿನ್ನ ಮಗಳನ್ನ?”

ಆಗ ಹೊಳೆಯಿತು, ಹೊಟ್ಟೆ ಕೆಟ್ಟ ದಿನ.

ಕೂಕಾ ಅಲ್ಲೇ ಅಂಗಡಿಯ ಹಿಂದೆ ಮೊಟ್ಟೆ ತೆಗೆದುಕೊಂಡು ಮಗುವಿನ ತಲೆಯಿಂದ ಪಾದದವರೆಗೆ ಇಳಿಸಿ, ನೀರಿನ ಲೋಟಕ್ಕೆ ಒಡೆದಳು. “ನೋಡು, ಕಣ್ಣು,” ಎಂದು ತೋರಿಸಿದಳು. ನಿಜವಾಗಿ ಕಣ್ಣೇ ಕಂಡಿತು. ಮೊಟ್ಟೆಯ ಹಳದಿ ದುಂಡಗಿರುವಾಗ ಕಣ್ಣಲ್ಲದೆ ಮೂಗು ಕಾಣುತ್ತದೆಯೇ ಎಂದು ಈಗ ಅನಿಸುತ್ತದೆ. ಅವತ್ತು ಹಾಗನಿಸಲಿಲ್ಲ. ಟೀಚರಮ್ಮನನ್ನು ಕೋಳಿ ಎಳೆದ ಹಾಗೆ ಎಳೆದುಕೊಂಡು ಬಂದೆ. ಅವಳು ಮರುಮಾತಿಲ್ಲದೆ ನಿಯೆವೆಸಳ ತಲೆ, ಹಣೆ, ಬೆನ್ನು ಎಲ್ಲ ಸವರಿದಳು, ಪಾಪ, ಕಿವಿಯನ್ನೂ ಬಿಡಲಿಲ್ಲ. ಅಂಗಡಿಯಲ್ಲಿ ಮಗಳ ಬಾಯನ್ನೇ ನೋಡುತ್ತಾ ಕೂತೆ.

“ಟೀಚಲಮ್ಮ ನಂಗೆ ಮಿಠಾಯಿ ಕೊಡಿದ್ಲು,” ಎಂದಳು ನಿಯೆವೆಸ್.

ದೃಷ್ಟಿ ಅಲ್ಲ ಎಂದಾಯಿತು. ಹಾಗಾದರೆ ಮತ್ತೆ ಯಾರು? ಬೆಳಿಗ್ಗೆ ಆರರಿಂದ ಸಂಜೆ ನಾಲ್ಕರವರೆಗೆ ಮಗು ಯಾರ ಮಾತು ಕೇಳುತ್ತದೆ? ಬೆಟ್ಟದಿಂದ ಬಂದವಳದು. ಸ್ಪ್ಯಾನಿಷ್ ಅವಳಿಗೆ ಎರವಲು ತಂದ ಅಂಗಿ. ಎಲ್ಲೋ ಹೊಲಿಗೆ ಬಿಟ್ಟಿರಲೇಬೇಕು. ಅಷ್ಟು ನಿಧಾನವಾಗಿ ಮಾತಾಡುವುದು ಯಾಕೆ, ಏನೋ ಮುಚ್ಚಿಡುವುದಕ್ಕೇ ಇರಬೇಕು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರಲ್ಲ, ಎರಡು ವರ್ಷದಿಂದ ಆಕೆ ಮಾಡಿದ್ದೆಲ್ಲ ನನಗೆ ಆ ಒಂದು ವಾರದಲ್ಲಿ ಬೇರೆಯಾಗಿ ಕಂಡಿತು.

ಒಂದು ಮಧ್ಯಾಹ್ನ ಮಂಜುಗಡ್ಡೆ ಜಾರಿಸುತ್ತಿದ್ದ ಹಳೆಯ ಕಿಂಡಿಗೆ ಕಣ್ಣಿಟ್ಟೆ. ಮಕ್ಕಳು ಚಾಪೆಯ ಮೇಲೆ ನಿದ್ದೆ ಹೋಗಿದ್ದವು. ಟೀಚರಮ್ಮ ಊಟಕ್ಕೆ ಹೋಗಿದ್ದಳು, ಅವಳ ಯಂತ್ರದ ಕೆಂಪು ದೀಪ ಮಾತ್ರ ಸ್ಟೂಲಿನ ಮೇಲೆ ಉರಿಯುತ್ತಿತ್ತು. ಒಬ್ದುಲಿಯಾ ಮಕ್ಕಳ ನಡುವೆ ಕೂತು ತುಟಿ ಅಲ್ಲಾಡಿಸುತ್ತಿದ್ದಳು. ಬೆರಳು ಮಡಿಸುವುದು, ಮತ್ತೆ ತುಟಿ. ಪಕ್ಕದ ಜೋಳದ ಗಿರಣಿಯ ಸದ್ದಿಗೆ ಒಂದಕ್ಷರವೂ ಕೇಳಲಿಲ್ಲ. ಕೇಳದಿದ್ದರೇನು, ಕಣ್ಣಾರೆ ಕಂಡೆನಲ್ಲ.

ಕೂಕಾಳಿಗೆ ಹೇಳಿದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಮ್ಮವರು. ಸಂಜೆಗೆ ಮೀನಿನ ಸಾಲಿನಲ್ಲಿ ಅದು ಬೆಟ್ಟದ ಮಂತ್ರವಾಗಿತ್ತು, ಮರುದಿನ ಹೂವಿನ ಸಾಲಿಗೆ ಬರುವಷ್ಟರಲ್ಲಿ ಮಕ್ಕಳ ನಾಲಿಗೆ ಕಟ್ಟುವ ಮಂತ್ರ. ನಾನು ನಿಯೆವೆಸಳನ್ನು ಬಿಡಿಸಿಕೊಂಡೆ. ಹತ್ತು ದಿನದಲ್ಲಿ ಹನ್ನೊಂದು ಮಕ್ಕಳು ನಾಲ್ಕಾದವು. ಮಕ್ಕಳಿಲ್ಲದ ಕೋಣೆ ಖಾಲಿ ಕೋಣೆ, ತಿಂಗಳ ಕೊನೆಗೆ ಅದನ್ನು ಈರುಳ್ಳಿ ಮೂಟೆಗೆ ಕೊಡುತ್ತೇನೆ, ಆಕೆ ಬೇರೆ ಕಡೆ ನೋಡಿಕೊಳ್ಳಲಿ ಎಂದ ಮಾರುಕಟ್ಟೆಯ ಮೇಲ್ವಿಚಾರಕ.

ಒಬ್ದುಲಿಯಾ ಜಗಳಕ್ಕೆ ಬರಲಿಲ್ಲ. ನನ್ನ ಅಂಗಡಿಗೆ ಒಂದೇ ಸಲ ಬಂದಳು.

“ನಿಯೆವೆಸಳಿಗೆ ಹುಷಾರಿಲ್ಲವೇ, ಹಸಿಂತಾ?”

“ಹುಷಾರಾಗಿದಾಳೆ. ಹಂಗೇ ಇರ್ಲಿ ಅಂತ ನನ್ ಹತ್ರ ಇಟ್ಕೊಂಡಿದೀನಿ.”

ಹಳದಿ ರಿಬ್ಬನ್ನು ಒಗೆದು ಮಡಿಸಿ ತಂದಿದ್ದಳು. ಅದನ್ನು ಕಟ್ಟೆಯ ಮೇಲಿಟ್ಟು ಹೋದಳು. ಹಿಂದಕ್ಕೆ ಕರೆಯೋಣ ಎನಿಸಿತು. ತಪ್ಪಿಲ್ಲದವಳಾದರೆ ಬೈಯುತ್ತಿದ್ದಳಲ್ಲ ಎಂದು ಅದನ್ನೂ ಅದುಮಿದೆ.

ಎರಡು ದಿನ ಬಿಟ್ಟು ಟೀಚರಮ್ಮ ಬಂದಳು. ಮುಖ ಕೆಂಪಗಿತ್ತು. ಯಂತ್ರವನ್ನು ತಂದು ನನ್ನ ಕಟ್ಟೆಯ ಮೇಲೆ, ಕೋಳಿಕಾಲುಗಳ ಪಕ್ಕದಲ್ಲಿ ಕುಕ್ಕಿದಳು.

“ಹಸಿಂತಾ ಅವ್ರೇ, ಹತ್ತು ನಿಮಿಷ ಕೊಡಿ. ಆಮೇಲೆ ಬೈಯೋದಿದ್ರೆ ನಂಗೆ ಬೈರಿ.”

“ಬೈಯೋಕೆ ನಂಗೆ ಅಷ್ಟು ಹೊತ್ತು ಬೇಡ.”

ಅವಳು ಗುಂಡಿ ಒತ್ತಿದಳು. ಗಿರಾಕಿಗಳು ಕತ್ತು ಚಾಚಿದರು. ಯಂತ್ರದೊಳಗಿಂದ ನನ್ನ ಮಗಳೇ ಮಾತಾಡಿದಳು. “ನಾ ಬಿದ್ದೆ.”

“ಇದು ಮಾರ್ಚ್‌ದು,” ಎಂದು ಇನ್ನೊಂದು ಕ್ಯಾಸೆಟ್ ಹಾಕಿದಳು. “ಇದು ಮೇ.”

“ದೋನ್ಯಾ, ನಾ ಬೀಳಿದೆ.” ಆಮೇಲೆ ಒಬ್ದುಲಿಯಾಳ ದನಿ. “ಬಿದ್ದೆಯಾ ಕಂದ? ಎಲ್ಲಿ ಬಿದ್ದೆ?” “ಅಲ್ಲಿ ಬೀಳಿದೆ.” “ಓ, ಅಲ್ಲಿ ಬಿದ್ದೆ. ಸರಿ. ಬಿದ್ದವರಿಗೆ ಒಂದು ಬಾಳೆಹಣ್ಣು.”

ಟೀಚರಮ್ಮ ನಿಲ್ಲಿಸಿದಳು. “ನಾಲ್ಕು ತಿಂಗಳ ಟೇಪು ಪೂರ್ತಿ ಕೇಳಿದೀನಿ. ದೋನ್ಯಾ ಮಕ್ಕಳ ಮುಂದೆ ಒಂದೇ ಒಂದ್ಸಲನೂ ತಪ್ಪಾಡಿಲ್ಲ. ನಾನು ಎರಡು ಸಲ ಆಡಿದೀನಿ. ನೀವು ಮಗು ಕರ್ಕೊಂಡು ಹೋಗೋಕೆ ಬಂದಾಗೆಲ್ಲ ಅವಸರಕ್ಕೆ ತಪ್ಪಾಡಿದೀರ.”

ಯಾರೋ ಹಿಂದೆ ಕಿಸಕ್ಕೆಂದರು.

“ಹಂಗಾದ್ರೆ ಇವಳಿಗೆ ಯಾರು ಹೇಳಿಕೊಟ್ರು?”

“ಯಾರೂ ಇಲ್ಲ. ಅವಳೇ ಮಾಡ್ಕೊಂಡ್ಲು. ಮೊದಲು ಮಗು ಕೇಳಿದ್ದನ್ನ ಕೇಳಿದ ಹಾಗೇ ಹೇಳತ್ತೆ, ಗಿಣಿ ಥರ. ಆಮೇಲೆ ಒಂದಿನ ಅದಕ್ಕೇ ಹೊಳೆಯತ್ತೆ, ಓಹೋ, ಮಾತಿಗೂ ಅಚ್ಚಿದೆ ಅಂತ. ನಿಮ್ಮನೇಲಿ ರೊಟ್ಟಿ ಒತ್ತೋ ಅಚ್ಚಿದೆಯಲ್ಲ, ಹಾಗೆ. ಸಿಕ್ಕಿದ ಹಿಟ್ಟನ್ನೆಲ್ಲ ಅದರಲ್ಲೇ ಒತ್ತತ್ತೆ. ನಾವು ದಿನಾ ಆಡೋ ಹತ್ತಿಪ್ಪತ್ತು ಮಾತು ಆ ಅಚ್ಚಿಗೆ ಕೂರಲ್ಲ, ಅದು ಮಗೂಗೆ ಇನ್ನೂ ಗೊತ್ತಿಲ್ಲ. ಬೀಳಿದೆ ಅಂದ್ರೆ ನಿಮ್ಮ ಮಗಳು ಹಿಂದೆ ಹೋಗಿಲ್ಲ. ಮುಂದೆ ಹೋಗಿದಾಳೆ.”

ನಾನು ನಂಬಲಿಲ್ಲ. ಓದಿದವರು ಕೋಳಿಯನ್ನೂ ಕಾಗೆ ಎಂದು ಸಾಧಿಸುತ್ತಾರೆ. ಆಗ ಕೂಕಾ ತನ್ನ ಗಿಡಮೂಲಿಕೆ ಕಟ್ಟುಗಳನ್ನು ನೋಡುತ್ತಲೇ ಮೆಲ್ಲಗೆ ಬಾಯಿಬಿಟ್ಟಳು.

“ನಮ್ ಮೊಮ್ಮಗ ಚೇಮಾನೂ ಹಂಗೇ ಅಂತಿದ್ದ. ಈಗ ಸರಿಹೋಗಿದಾನೆ.”

“ಅವನು ದೋನ್ಯಾ ಹತ್ರ ಹೋಗೇ ಇಲ್ವಲ್ಲೇ.”

“ಇಲ್ಲ. ಮನೇಲೇ ಬೆಳೆದೋನು.”

“ಇದನ್ನ ಮೊದಲೇ ಬೊಗಳೋಕೆ ಏನಾಗಿತ್ತು ನಿಂಗೆ?”

“ನೀನು ಕೇಳ್ಲಿಲ್ವಲ್ಲ, ಕೊಮಾದ್ರೆ.”

ಅವಳ ಕತ್ತು ಹಿಸುಕುವಷ್ಟು ಸಿಟ್ಟು ಬಂತು. ಅವಳ ಮೇಲೆ ಬಂದ ಸಿಟ್ಟು ಎಂದು ಆಗ ಅಂದುಕೊಂಡಿದ್ದೆ. “ಮಂತ್ರ ಹೇಳ್ತಿದ್ಲಲ್ಲ ಮತ್ತೆ, ನಾನೇ ನೋಡ್ದೆ, ಮಕ್ಕಳು ಮಲಗಿದ್ದಾಗ,” ಎಂದೆ, ಕೊನೆಯ ಹುಲ್ಲುಕಡ್ಡಿ ಹಿಡಿದುಕೊಂಡು.

ಟೀಚರಮ್ಮ ಚೀಲದಿಂದ ಮೂರನೇ ಕ್ಯಾಸೆಟ್ ತೆಗೆದಳು. “ಅವತ್ತು ಯಂತ್ರ ನಿಲ್ಲಿಸೋದು ಮರೆತು ಊಟಕ್ಕೆ ಹೋಗಿದ್ದೆ. ಇದನ್ನ ಕೇಳಿಸೋದು ಸರಿಯೋ ತಪ್ಪೋ ಗೊತ್ತಿಲ್ಲ,” ಎಂದು ಅದನ್ನು ಹಾಕಿ ನನಗೊಬ್ಬಳಿಗೇ ಕೇಳುವಷ್ಟು ದನಿ ತಗ್ಗಿಸಿದಳು. ನಾನು ಕಿವಿಯನ್ನು ಯಂತ್ರಕ್ಕೆ ಹಚ್ಚಿದೆ.

ಗಿರಣಿಯ ಸದ್ದು, ಮಕ್ಕಳ ಉಸಿರು. ಅದರ ನಡುವೆ ಪಿಸುಮಾತು.

“ಬಂದೆ. ಬಂದಳು. ಬಂದೆವು. ತಂದೆ. ತಂದಳು. ತಂದೆವು. ಬೀಳಿ...” ಅಲ್ಲಿ ದನಿ ತಡೆಯಿತು. ಮತ್ತೆ, “ಬಿದ್ದೆ. ಬಿದ್ದೆ. ಬಿದ್ದೆ.”

ಜಪಸರ ಎಣಿಸುವವರ ಹಾಗೆ, ತಪ್ಪಿದ ಮಣಿಗೆ ಹಿಂತಿರುಗಿ ಬಂದು ಮೂರು ಸಲ. ಅರವತ್ತರ ಹೆಂಗಸು, ಮೂರು ವರ್ಷದ ಮಕ್ಕಳ ಪಾಠವನ್ನು ಅವು ನಿದ್ದೆ ಹೋದ ಮೇಲೆ ಒಪ್ಪಿಸುತ್ತಿದ್ದಳು.

ಅಂಗಡಿ ಮುಚ್ಚಿದೆ. ಶನಿವಾರ, ನಡುಹಗಲು, ಕಟ್ಟೆಯ ತುಂಬ ಕೋಳಿ ಇತ್ತು. ನಿಯೆವೆಸಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೋದೆ. ಒಬ್ದುಲಿಯಾ ಕೋಣೆಯಲ್ಲಿ ಚಾಪೆ ಸುತ್ತಿ ಹಗ್ಗ ಕಟ್ಟುತ್ತಿದ್ದಳು. ಉಳಿದ ನಾಲ್ಕು ಮಕ್ಕಳು ಆಕೆಯ ಬೂಟಿನ ಸುತ್ತ ಆಡುತ್ತಿದ್ದವು.

“ದೋನ್ಯಾ, ನಾ ಬರಿದೆ,” ಎಂದಳು ನನ್ನ ಮಗಳು.

“ಬಂದೆಯಾ? ಬಾ.”

ಮಗು ಇಳಿದು ಓಡಿತು. ನಾನು ಹೊಸ್ತಿಲಲ್ಲೇ ನಿಂತೆ.

“ನಮಗೆ ಯಾಕೆ ಹೇಳ್ಲಿಲ್ಲ ದೋನ್ಯಾ?”

“ಏನೆಂದು ಹೇಳಲಿ?” ಗಂಟು ಹಾಕುವುದನ್ನು ಆಕೆ ಬಿಡಲಿಲ್ಲ. “ನಾನು ಮೊದಲು ಕೆಲಸ ಮಾಡಿದ ಮನೆಯಲ್ಲಿ ಒಂದು ತಪ್ಪು ಮಾತಿಗೆ ಸೌಟಿನಲ್ಲಿ ಒಂದು ಏಟು. ಈ ಮಕ್ಕಳು ಆಡುತ್ತವಲ್ಲ, ನಾನೂ ಹಾಗೆಯೇ ಆಡುತ್ತಿದ್ದೆ. ಇವುಗಳನ್ನು ಎಲ್ಲರೂ ಮುದ್ದು ಮಾಡುತ್ತಾರೆ. ಮಾಡಲಿ, ನಾನೂ ಮಾಡುತ್ತೇನೆ. ಆದರೆ ದಿನವೆಲ್ಲ ಕೇಳಿ ಕೇಳಿ ಅದು ನನ್ನ ನಾಲಿಗೆಗೆ ಬರುತ್ತದೆ, ಹಸಿಂತಾ. ಇವುಗಳದು ನನಗೆ ಅಂಟಿದರೆ, ನನ್ನದು ಇವುಗಳಿಗೆ ಅಂಟಿತು ಎಂದು ನೀವು ಹೇಳುತ್ತೀರಿ.”

“ಅಂದೇಬಿಟ್ವಲ್ಲ.”

“ಹೌದು.”

“ನಾನೇ ಅಂದಿದ್ದು. ಮೊದಲು ಅಂದೋಳು ನಾನೇ. ಎಲ್ಲರಿಗೂ ನಾನೇ ಹೋಗಿ ಹೇಳ್ತೀನಿ, ಆ ಮೇಲ್ವಿಚಾರಕನ್ನ ನಾನು ನೋಡ್ಕೋತೀನಿ. ತಪ್ಪಾಯ್ತು ದೋನ್ಯಾ.”

ಆಕೆ ಹಗ್ಗ ಬಿಟ್ಟು ನನ್ನನ್ನು ದಿಟ್ಟಿಸಿದಳು. ನಂಬಿದಳೋ ಇಲ್ಲವೋ, ಗೊತ್ತಾಗಲಿಲ್ಲ. ನನ್ನ ಹಾಗೆ ಕಸುಬಿಗೆ ಕಲಿತ ಅನುಮಾನವಲ್ಲ ಅದು, ಏಟು ತಿಂದು ಕಲಿತದ್ದು.

“ಎರಡು ವಾರದಿಂದ ನನ್ನನ್ನೇ ನೋಡುತ್ತಿದ್ದೀಯ,” ಎಂದಳು. “ಆ ಕಿಂಡಿಯಿಂದ ನೋಡಿದ್ದೂ ನನಗೆ ಗೊತ್ತು. ಅಂದಿನಿಂದ ತಲೆನೋವು, ಊಟ ಸೇರುವುದಿಲ್ಲ.”

ಆಕೆ ಸ್ಟೂಲಿನ ಮೇಲೆ ಕೂತು ತಲೆಯ ಬಟ್ಟೆ ತೆಗೆದಳು.

“ಮುಟ್ಟು.”

ಎರಡು ವರ್ಷ ದಿನಾ ಬೆಳಿಗ್ಗೆ ನನ್ನ ಮಗುವನ್ನು ಆಕೆಯ ಕೈಗೆ ಹಾಕಿದ್ದೆ, ಸಂಜೆ ಆ ಕೈಯಿಂದಲೇ ಎತ್ತಿಕೊಂಡಿದ್ದೆ. ಆಕೆಯನ್ನು ಮಾತ್ರ ಒಂದು ಸಲವೂ ಮುಟ್ಟಿರಲಿಲ್ಲ. ಕೈಯನ್ನು ಲಂಗಕ್ಕೆ ಒರೆಸಿಕೊಂಡು, ರಕ್ತದ ವಾಸನೆ ಹೋಗದಿದ್ದರೂ, ಆ ಬೆಳ್ಳಗಿನ ತಲೆಯ ಮೇಲಿಟ್ಟೆ. ಕೂದಲು ತೆಳ್ಳಗಿತ್ತು, ನೆತ್ತಿ ಬೆಚ್ಚಗಿತ್ತು. ಆಕೆ ಕಣ್ಣು ಮುಚ್ಚಿಕೊಂಡಳು.

“ಎರಡೂ ಕೈ,” ಎಂದಳು. “ನೋಡಿದ್ದು ಎರಡು ಕಣ್ಣಿನಿಂದ.”

ನಾನು ಇನ್ನೊಂದು ಕೈಯನ್ನೂ ಇಟ್ಟೆ.